ಹಾಡಿಗೊಂದು ಮಾತ್ರೆ

ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಒಂದಿತ್ತು. ಸಂಬಳದ ಚೀಟಿಯನ್ನು ಬಿಟ್ಟರೆ ಅದು ಬೇರೆಲ್ಲೂ ಕಾಣಿಸುತ್ತಿರಲಿಲ್ಲ. ಟಿವಿ ಕೇಂದ್ರದಲ್ಲಿ ಎಲ್ಲರಿಗೂ ಅವನು ಅಡಚಣೆ. ‘ಅಡಚಣೆ ಬಂದ್ನಾ?’ ‘ಅಡಚಣೆಗೆ ಟೀ ಕೊಟ್ರಾ?’ ‘ಇವತ್ತು ಅಡಚಣೆ ರಜಾನಾ? ಹಾಗಾದ್ರೆ ಅಡಚಣೆ ಗ್ಯಾರಂಟಿ ಬಿಡಿ.’ ಹೀಗೆ ನಡೆಯುತ್ತಿತ್ತು ಮಾತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಪ್ರಸಾರ ನಡುವೆ ಕೈಕೊಟ್ಟರೆ ‘ಅಡಚಣೆಗಾಗಿ ವಿಷಾದಿಸುತ್ತೇವೆ’ ಎಂದು ಬರೆದ ರಟ್ಟಿನ ಫಲಕವನ್ನು ಓಡಿಹೋಗಿ ಕ್ಯಾಮೆರಾದ ಮುಂದೆ ನಿಲ್ಲಿಸುವುದು ಅವನ ಕೆಲಸವಾಗಿತ್ತು. ಯಾರೋ ತಲೆಹರಟೆ ಇಂಜಿನಿಯರ್ ಒಬ್ಬ ಆ ಫಲಕದ ಹೆಸರನ್ನೇ ಅವನಿಗೆ ಅಂಟಿಸಿದ. ಇಂಜಿನಿಯರ್ ನಿವೃತ್ತನಾದ, ರಟ್ಟಿನ ಫಲಕ ಗೆದ್ದಲು ಹಿಡಿಯಿತು, ಹೆಸರು ಮಾತ್ರ ಉಳಿಯಿತು.

ಆಮೇಲೆ ಅವನಿಗೆ ಕಂಟ್ರೋಲ್ ರೂಮಿನ ಕುರ್ಚಿ ಸಿಕ್ಕಿತು. ಗೋಡೆ ತುಂಬ ಸಣ್ಣ ಸಣ್ಣ ಪರದೆಗಳು, ಎದುರಿಗೆ ಗುಂಡಿಗಳ ಮೇಜು, ಚರ್ಮ ಕಿತ್ತುಹೋದ ಒಂದು ತಿರುಗುವ ಕುರ್ಚಿ. ವಾರ್ತೆ ಮುಗಿದ ಕೂಡಲೇ ಜಾಹೀರಾತು, ಜಾಹೀರಾತು ಮುಗಿದ ಕೂಡಲೇ ಧಾರಾವಾಹಿ, ಎಲ್ಲ ಒಂದರ ಬಾಲ ಹಿಡಿದು ಇನ್ನೊಂದು ಹೋಗಬೇಕು, ನಡುವೆ ಒಂದು ಉಸಿರಿನಷ್ಟು ಖಾಲಿ ಬಿಡುವಂತಿಲ್ಲ. ಅದನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವವನೇ ಅಡಚಣೆ. ಊರಿನ ಮನೆಮನೆಯಲ್ಲೂ ಸಂಜೆ ಎನ್ನುವುದು ಅವನ ಬೆರಳ ತುದಿಯಿಂದ ಶುರುವಾಗುತ್ತಿತ್ತು ಎಂದರೆ ಹೆಚ್ಚಾಗಲಿಕ್ಕಿಲ್ಲ. ಪರದೆ ಕಪ್ಪಾದರೆ, ಸದ್ದು ನಿಂತರೆ ಅವನ ಎದೆಯೇ ನಿಂತಂತೆ. ಈ ಚಾಳಿ ಕೇಂದ್ರದ ಗೇಟಿನ ಹೊರಗೂ ಅವನನ್ನು ಬಿಡಲಿಲ್ಲ. ನಾಲ್ಕು ಜನ ಕೂತು ಮಾತಾಡುವಾಗ ಎಲ್ಲರೂ ಒಟ್ಟಿಗೆ ಸುಮ್ಮನಾದರೆ ಇವನು ಕಂಗಾಲಾಗಿ ಹವೆಯದ್ದೋ ಬಸ್ಸಿನದ್ದೋ ಏನಾದರೊಂದು ಎತ್ತಿಬಿಡುತ್ತಿದ್ದ. ಹೆಣ್ಣು ನೋಡಲು ಹೋದ ಒಂದೇ ಒಂದು ಮನೆಯಲ್ಲಿ ಹುಡುಗಿ ನಾಚಿ ಸುಮ್ಮನೆ ಕೂತಾಗ, ಪಂಪುಸೆಟ್ಟಿನ ಬಗ್ಗೆ ಇವನು ಬಿಡದೆ ಮಾತಾಡಿದ್ದನ್ನು ಅವನ ಅಕ್ಕ ಇವತ್ತಿಗೂ ಹೇಳಿ ನಗುತ್ತಿದ್ದಳು. ಆ ಸಂಬಂಧ ಅಲ್ಲಿಗೇ ನಿಂತಿತು. ಆಮೇಲೆ ಸಂಜೆ ಪಾಳಿಯವನಿಗೆ ಹೆಣ್ಣು ಕೊಡಲು ಯಾರೂ ಮುಂದೆ ಬರಲಿಲ್ಲ.

ಹಾಗಾಗಿ ಮನೆಯಲ್ಲಿ ಇಬ್ಬರೇ, ಅವನು ಮತ್ತು ಅಕ್ಕ. ಟೈಲರಮ್ಮನ ಅಂಗಡಿಯ ಮೇಲೆ ಎರಡು ಕೋಣೆಯ ಬಾಡಿಗೆ ಮನೆ. ಮೆಟ್ಟಿಲು ಕಡಿದಾಗಿತ್ತು, ಕೈಹಿಡಿ ಅಲುಗಾಡುತ್ತಿತ್ತು. ಮುಂದಿನ ಕೋಣೆಯಲ್ಲಿ ಅಕ್ಕನ ಮಂಚ, ಮಂಚದ ಕಾಲುಗಡೆ ಟಿವಿ, ತಲೆಗಡೆ ಒಂದು ಸ್ಟೂಲು. ಅಮ್ಮ ಹೋದಾಗ ಇವನಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಅಕ್ಕನೇ ಎತ್ತಿ ಆಡಿಸಿ, ಬೈದು, ಓದಿಸಿ ದೊಡ್ಡವನನ್ನಾಗಿ ಮಾಡಿದಳು. ತಲೆಗೂದಲು ಪೂರ್ತಿ ನರೆತ ಮೇಲೂ ಅವಳಿಗೆ ಅವನು ‘ಮರಿ’ಯೇ.

ಅಕ್ಕ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದವಳು. ಆಗ ಒಂದು ನಂಬರಿಗೆ ಫೋನು ಮಾಡಿದರೆ ಸಮಯ ಎಷ್ಟೆಂದು ಹೇಳುತ್ತಿದ್ದರು. ಆ ನಂಬರಿನ ಆಚೆ ಕೂತಿದ್ದವಳು ಅಕ್ಕ. ಇಡೀ ದಿನ ಅದೇ ಕೆಲಸ, ಗಡಿಯಾರ ನೋಡುವುದು, ಹೇಳುವುದು. ಅವಳ ಧ್ವನಿ ಕೇಳಲೆಂದೇ ಕೆಲವು ಗಂಡಸರು ಮತ್ತೆ ಮತ್ತೆ ಫೋನು ಮಾಡುತ್ತಿದ್ದರಂತೆ. “ಯಾಕೆ ಸಾರ್, ನಿಮ್ಮ ವಾಚು ಅಡ ಇಟ್ಟಿದೀರಾ?” ಎಂದು ಅವಳು ಕೇಳಿದರೆ ಫಟ್ಟನೆ ಇಟ್ಟುಬಿಡುತ್ತಿದ್ದರಂತೆ. ಕೊನೆಗೆ ಅವಳ ಜಾಗಕ್ಕೆ ಒಂದು ಯಂತ್ರ ಬಂತು. ಮೇಲಿನವರು ಅವಳಿಗೆ ಶಾಲು ಹೊದಿಸಿ, ಭಾಷಣ ಮಾಡಿ, ನೆನಪಿನ ಕಾಣಿಕೆಯಾಗಿ ಗೋಡೆ ಗಡಿಯಾರ ಕೊಟ್ಟರು. ಸಮಯ ಹೇಳುವವಳಿಗೆ ಗಡಿಯಾರ ಕೊಟ್ಟು ಮನೆಗೆ ಕಳಿಸುವ ಬುದ್ಧಿ ಮೇಲಿನವರಿಗಲ್ಲದೆ ಬೇರೆ ಯಾರಿಗೆ ಹೊಳೆದೀತು?

ಆ ಗಡಿಯಾರ ಮಂಚದ ಎದುರಿಗೇ ನೇತಾಡುತ್ತಿತ್ತು, ಆದರೆ ಅಕ್ಕನಿಗೆ ಕಾಣುತ್ತಿರಲಿಲ್ಲ. ಸಕ್ಕರೆ ಕಾಯಿಲೆ ಮೊದಲು ಒಂದು ಕಣ್ಣು ತೆಗೆದುಕೊಂಡಿತು, ಆಮೇಲೆ ಇನ್ನೊಂದು. ಈಗ ಮೂತ್ರಪಿಂಡಕ್ಕೂ ಕೈಹಾಕಿದೆ, ಊಟ ಮತ್ತು ಮಾತ್ರೆಯಲ್ಲಿ ಹೆಚ್ಚುಕಮ್ಮಿ ಆಗಬಾರದು ಎಂದು ಡಾಕ್ಟರು ಎಚ್ಚರಿಸಿದ್ದರು. ಸಮಯವನ್ನು ಮಾತಿನಲ್ಲಿ ಹೇಳುವ ಒಂದು ಗಡಿಯಾರವನ್ನು ತಮ್ಮ ತಂದುಕೊಟ್ಟ. ಅಕ್ಕ ಅದನ್ನು ಅರ್ಧ ದಿನ ಕೇಳಿದಳು.

“ಯಾರೋ ಇವಳು?”

“ಯಾರೂ ಅಲ್ಲ ಅಕ್ಕ, ಯಂತ್ರ.”

“ಯಂತ್ರಾನೇ ಇರ್ಲಿ. ‘ಹತ್ತು’ ಅನ್ನೋದನ್ನ ‘ಅತ್ತು’ ಅಂತಾಳಲ್ಲೋ. ಹೊತ್ತಲ್ಲದ ಹೊತ್ತಲ್ಲಿ ಅತ್ತು ಅತ್ತು ಅಂತಿದ್ರೆ ಮನೆಗೆ ಒಳ್ಳೇದಾ?”

“ಸಮಯ ಗೊತ್ತಾದ್ರೆ ಸಾಕಲ್ವಾ ನಿಂಗೆ?”

“ಅದರೊಳಗೆ ಯಾರಿದಾರೆ ಮರಿ? ಯಾರೂ ಇಲ್ಲ. ಟಿವಿಯೊಳಗಾದ್ರೆ ನೀನಿದೀಯ.”

ಮಾರನೆಯ ದಿನ ನೋಡಿದರೆ ಮಾತಾಡುವ ಗಡಿಯಾರದ ಬ್ಯಾಟರಿ ಕಿತ್ತು ಸ್ಟೂಲಿನ ಮೇಲೆ ಇಟ್ಟಿದ್ದಳು. ಅಕ್ಕನ ದಿನ ಟಿವಿಯ ಮೇಲೇ ನಡೆಯತೊಡಗಿತು. ತಮ್ಮ ಮಧ್ಯಾಹ್ನದವರೆಗೆ ಮನೆಯಲ್ಲಿರುತ್ತಿದ್ದ, ಅಡುಗೆ, ಔಷಧಿ, ಎಲ್ಲ ಅವನೇ. ಅವನು ಪಾಳಿಗೆ ಹೋದ ಮೇಲೆ ವಾರ್ತೆಯ ನಗಾರಿ ಕೇಳಿಸಿದರೆ ಗೋಡೆ ಹಿಡಿದು ಹೋಗಿ ಕೈಕಾಲು ಮುಖ ತೊಳೆಯುವುದು. ಅತ್ತೆ-ಸೊಸೆ ಧಾರಾವಾಹಿಯ ಹಾಡು ಬಂದರೆ ಮಾತ್ರೆ. ಮೊದಲ ಸಲ ಜಾಹೀರಾತು ಬಂದಾಗ ಡಬ್ಬಿ ತೆಗೆದು ಊಟ. ನಗೆ ಕಾರ್ಯಕ್ರಮ ಮುಗಿದರೆ ನಿದ್ದೆ. ಧಾರಾವಾಹಿಯ ಹಾಡು ಕೊಳಲಿನಿಂದ ಶುರುವಾಗುತ್ತಿತ್ತು. ಕೊಳಲಿನ ಹಿಂದೆಯೇ ಹೆಣ್ಣು ಧ್ವನಿ ಬರುವಷ್ಟರಲ್ಲಿ ಅಕ್ಕನ ಹೆಬ್ಬೆರಳು ಮಾತ್ರೆಯ ಹಾಳೆಯ ಮೇಲೆ ಉಬ್ಬು ಹುಡುಕಿ ‘ಟಪ್’ ಎಂದು ಒತ್ತಿ ಆಗಿರುತ್ತಿತ್ತು. ಮಧ್ಯಾಹ್ನ ಅದೇ ಧಾರಾವಾಹಿಯ ಹಿಂದಿನ ದಿನದ ಕಂತು ಮತ್ತೊಮ್ಮೆ ಬರುತ್ತಿತ್ತು ನಿಜ, ಆದರೆ ಮರುಪ್ರಸಾರಕ್ಕೆ ಸಮಯ ಕಮ್ಮಿ, ಆದ್ದರಿಂದ ಹಾಡನ್ನು ಕತ್ತರಿಸಿ ಹಾಕುವುದು ಕೇಂದ್ರದ ರೂಢಿ. ಕತ್ತರಿಸುತ್ತಿದ್ದವನು ಅಡಚಣೆಯೇ. ಹೀಗಾಗಿ ಹಾಡು ದಿನಕ್ಕೆ ಒಂದೇ ಸಲ, ಸಂಜೆ ಮಾತ್ರ. ಅಕ್ಕನಿಗೆ ಇದು ಗೊತ್ತಿತ್ತು, ಅದನ್ನೇ ನಂಬಿದ್ದಳು.

ಒಮ್ಮೆ ಅವನು ಮಾತ್ರೆಯ ಹಾಳೆ ತೆಗೆದಿಟ್ಟು ಸ್ಟೂಲಿನ ಮೇಲೆ ಒಂದೇ ಮಾತ್ರೆ ಇಟ್ಟು ಹೊರಟಿದ್ದ. ಅಕ್ಕ ತಡವಿ ನೋಡಿ ಕೆಂಡವಾದಳು. “ನಾನೇನು ಮಗುವಾ? ಊರಿಗೆಲ್ಲ ಟೈಮ್ ಹೇಳಿದೋಳಿಗೆ ಒಂದು ಮಾತ್ರೆ ತಗೊಳ್ಳೋಕೆ ಬರಲ್ವಾ?” ಎಂದಳು. ಎರಡು ದಿನ ಮಾತು ಬಿಟ್ಟಳು. ಮನೆಯಲ್ಲಿ ಅಷ್ಟು ಮೌನ ತಡೆಯುವ ಶಕ್ತಿ ಅವನಿಗೆಲ್ಲಿತ್ತು? ಹಾಳೆಯನ್ನು ತಂದು ಅವಳ ಕೈಗೇ ಕೊಟ್ಟ.

ಕೇಂದ್ರದಲ್ಲಿ ಗಾಳಿ ಬೇರೆ ಕಡೆ ತಿರುಗಿದ್ದು ಯಾರ ಕಣ್ಣಿಗೂ ಬೀಳದ್ದೇನಲ್ಲ. ಮೊದಲು ಬೆಳಗಿನ ಸಂದರ್ಶನ ಹೋಯಿತು, ಆಮೇಲೆ ಮಕ್ಕಳ ಕಾರ್ಯಕ್ರಮ. ಸ್ಟುಡಿಯೋ ಒಂದಕ್ಕೆ ಬೀಗ ಬಿತ್ತು, ಅಲ್ಲಿದ್ದ ಬಣ್ಣದ ಸೋಫಾಗಳನ್ನು ಕ್ಯಾಂಟೀನಿಗೆ ಹಾಕಿದರು. ಆಮೇಲೊಂದು ದಿನ ಎಲ್ಲರನ್ನೂ ಆ ಸೋಫಾಗಳ ಮೇಲೇ ಕೂರಿಸಿ ಕಾರ್ಯಕ್ರಮಗಳ ಮುಖ್ಯಸ್ಥೆ ಮಾತಾಡಿದಳು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಎಲ್ಲರೂ ಮೇಡಂ ಅನ್ನುತ್ತಿದ್ದರು. “ಜನ ಇನ್ನು ನಮ್ಮ ಟೈಮಿಗೆ ಬಂದು ಕೂರಲ್ಲ. ನಾವೇ ಅವರ ಟೈಮಿಗೆ ಹೋಗ್ಬೇಕು,” ಎಂದಳು. ಹೊಸ ಕಥೆಗಳೆಲ್ಲ ಇನ್ನು ಮೇಲೆ ಫೋನಿನಲ್ಲಿ, ಯಾರಿಗೆ ಯಾವಾಗ ಬೇಕೋ ಆವಾಗ. ಚಾನೆಲ್ಲು ನಿಲ್ಲುವುದಿಲ್ಲ, ಆದರೆ ಅದರಲ್ಲಿ ಹಳೆಯ ಧಾರಾವಾಹಿಗಳು ಹಗಲೂ ರಾತ್ರಿ ಸುತ್ತುತ್ತಿರುತ್ತವೆ. ದೂರದ ದೊಡ್ಡ ಊರಿನ ಒಂದೇ ಕೋಣೆಯಿಂದ ಒಂದೇ ಯಂತ್ರ ಇಂಥ ಎಷ್ಟೋ ಚಾನೆಲ್ಲುಗಳನ್ನು ಓಡಿಸುತ್ತದೆ. ಬರುವ ತಿಂಗಳಿನಿಂದ ಇಲ್ಲಿ ಕಂಟ್ರೋಲ್ ರೂಮ್ ಇರುವುದಿಲ್ಲ.

“ವಾರ್ತೆ?” ಎಂದು ಯಾರೋ ಕೇಳಿದರು.

“ವಾರ್ತೆ ಫೋನಲ್ಲಿ ಇಡೀ ದಿನ ಇದ್ದೇ ಇರುತ್ತಲ್ಲ.”

ಆಮೇಲೆ ಎಲ್ಲರೂ ಸುಮ್ಮನಾದರು. ಯಾವತ್ತೂ ಮೌನ ಮುರಿಯುವ ಅಡಚಣೆಗೂ ಅವತ್ತು ಎತ್ತಲು ಒಂದು ಮಾತು ಸಿಗಲಿಲ್ಲ. ಹೊರಗೆ ಬಂದ ಮೇಲೆ ಮೇಡಂ ಅವನ ಬಳಿ ಬಂದು ಮೆಲ್ಲಗೆ, “ಬೇಜಾರು ಮಾಡ್ಕೋಬೇಡಿ ಸರ್. ಮುಂದಿನ ವರ್ಷ ನಾನೆಲ್ಲಿರ್ತೀನೋ ನಂಗೂ ಗೊತ್ತಿಲ್ಲ,” ಎಂದಳು. ಆ ಮಾತು ಸುಳ್ಳೇನೂ ಆಗಿರಲಿಲ್ಲ. ಆದರೆ ಅವಳ ಮನೆಯಲ್ಲಿ ಹಾಡು ಕೇಳಿ ಮಾತ್ರೆ ನುಂಗುವವರು ಯಾರೂ ಇರಲಿಕ್ಕಿಲ್ಲ.

ಅವನಿಗೆ ಮೊದಲು ನೆನಪಾದದ್ದು ಅಕ್ಕನೇ. ಚಾನೆಲ್ಲಿಗೆ ಹೊತ್ತುಗೊತ್ತು ಇಲ್ಲದೆ ಹೋದರೆ ಅಕ್ಕನಿಗೂ ಹೊತ್ತುಗೊತ್ತು ಇಲ್ಲ. ಅವಳಿಗೆ ಹೇಳಬೇಕು, ಬೇರೆ ದಾರಿ ಹುಡುಕಬೇಕು. ಹೇಳುವುದೆಂದರೆ ಕೆಲಸ ಹೋಯಿತೆಂದೂ ಹೇಳಬೇಕು. ಟಿವಿಯೊಳಗೆ ಇನ್ನು ನಾನಿಲ್ಲ ಅಕ್ಕ, ನಿನ್ನ ಎಕ್ಸ್‌ಚೇಂಜಿಗೆ ಬಂದಂಥದ್ದೇ ಒಂದು ಯಂತ್ರ ನನ್ನ ಕುರ್ಚಿಗೂ ಬಂತು ಎನ್ನಬೇಕು. ಅದೇ ಬಾಯಿಗೆ ಬರಲಿಲ್ಲ. ಇವತ್ತು ಅವಳಿಗೆ ಸುಸ್ತು, ಇವತ್ತು ಅವಳು ಖುಷಿಯಾಗಿದ್ದಾಳೆ, ಇವತ್ತು ಯಾಕೆ, ಇನ್ನೂ ತಿಂಗಳು ಮುಗಿದಿಲ್ಲವಲ್ಲ ಎಂದು ಮೀನಮೇಷ ಎಣಿಸುತ್ತ ದಿನ ತಳ್ಳಿದ. ಹೇಡಿತನಕ್ಕೆ ಮನುಷ್ಯ ಎಷ್ಟು ಒಳ್ಳೊಳ್ಳೆಯ ಹೆಸರು ಹುಡುಕುತ್ತಾನೆ ನೋಡಿ; ಅವನು ಅದಕ್ಕೆ ಕನಿಕರ ಎಂದು ಹೆಸರಿಟ್ಟಿದ್ದ.

ಇಷ್ಟರಲ್ಲಿ ಒಂದು ಶನಿವಾರ ಮೇಡಂ ಕರೆದು, ನಾಳೆ ಒಂದು ಸಣ್ಣ ಪ್ರಯೋಗ ಎಂದಳು. ‘ನಾನ್‌ಸ್ಟಾಪ್ ಭಾನುವಾರ’ ಎಂದು ಹೆಸರು. ಮಧ್ಯಾಹ್ನದಿಂದ ಅತ್ತೆ-ಸೊಸೆ ಧಾರಾವಾಹಿಯ ಹಳೆಯ ಕಂತುಗಳು ಒಂದರ ಹಿಂದೊಂದು ಹೋಗುತ್ತಲೇ ಇರಬೇಕು. ಕಂತುಗಳ ಸಾಲು ದೊಡ್ಡ ಊರಿನಿಂದಲೇ ಸಿದ್ಧವಾಗಿ ಬರುತ್ತದೆ, ಇವನು ಒಂದು ಗುಂಡಿ ಒತ್ತಿದರೆ ಸಾಕು. ಅವನು ಆ ಸಾಲನ್ನು ತೆರೆದು ನೋಡಿದ. ಪ್ರತಿ ಕಂತಿನ ತಲೆಗೂ ಹಾಡು ಹಾಗೇ ಇತ್ತು.

“ಮೇಡಂ, ಹಾಡು ತೆಗೀಲಾ? ಮರುಪ್ರಸಾರಕ್ಕೆ ನಾವು ಹಾಡು ಹಾಕಲ್ಲ.”

“ಬಿಡಿ ಸರ್. ಇನ್ಮೇಲೆ ಅದನ್ನೆಲ್ಲ ಕೂತು ಕತ್ತರಿಸೋಕೆ ಯಾರಿರ್ತಾರೆ?”

ಸರಿ ಎಂದು ಬಿಟ್ಟುಬಿಟ್ಟ. ರೂಢಿ ತಪ್ಪಿತಲ್ಲ ಎಂಬ ಸಣ್ಣ ಕಸಿವಿಸಿ ಮಾತ್ರ ಅವನಿಗಿತ್ತು. ಆ ಹಾಡಿಗೂ ತನ್ನ ಮನೆಯ ಸ್ಟೂಲಿಗೂ ಇರುವ ನಂಟು ಆ ಗಳಿಗೆಯಲ್ಲಿ ಅವನ ತಲೆಗೆ ಹೊಳೆಯಲಿಲ್ಲ. ದಿನಗಟ್ಟಲೆ ಅಕ್ಕನ ಚಿಂತೆಯನ್ನೇ ಹೊತ್ತು ತಿರುಗಿದವನಿಗೆ ಹೊಳೆಯಬೇಕಾದ ಹೊತ್ತಿನಲ್ಲಿ ಹೊಳೆಯಲಿಲ್ಲ.

ಭಾನುವಾರ ಅಕ್ಕನಿಗೆ ಬೇಗ ಊಟ ಬಡಿಸಿ, ಸಂಜೆಯ ಡಬ್ಬಿ ತುಂಬಿಸಿ ಸ್ಟೂಲಿನ ಮೇಲಿಟ್ಟ. ಕೆಳಗೆ ಟೈಲರಮ್ಮನ ಅಂಗಡಿಗೆ ರಜೆ, ಅವಳು ಮಗಳ ಮನೆಗೆ ಹೋಗಿದ್ದಳು.

“ಭಾನುವಾರಾನೂ ಬಿಡಲ್ವಾ ನಿಮ್ಮೋರು? ಅದೂ ಇಷ್ಟು ಬೇಗ,” ಎಂದಳು ಅಕ್ಕ.

“ಇವತ್ತೊಂದಿನ ಅಕ್ಕ. ಏನೋ ಪ್ರಯೋಗ ಅಂತೆ.”

“ಬೆಳಿಗ್ಗೆಯಿಂದ ಸುಮ್ನೆ ಇದೀಯ. ನೀನು ಸುಮ್ನಿದೀಯ ಅಂದ್ರೆ ಎಲ್ಲೋ ಏನೋ ಕೆಟ್ಟಿದೆ. ಏನದು?”

ಅವನು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದ. ಹೇಳಿಬಿಡಬೇಕು ಎಂದು ಬಾಯಿ ತೆರೆದ. ಅಕ್ಕ ಮುಖವನ್ನು ಅವನ ಸದ್ದಿನ ಕಡೆ ತಿರುಗಿಸಿ ಕಾಯುತ್ತಿದ್ದಳು. “ಏನಿಲ್ಲ. ಡಬ್ಬಿ ಇಲ್ಲೇ ಇದೆ,” ಎಂದ.

“ಇರ್ಲಿ ಹೋಗು. ಟಿವಿ ಹಾಕಿ ಹೋಗು.”

ಅವನು ಟಿವಿ ಹಾಕಿ ಬಾಗಿಲೆಳೆದುಕೊಂಡು ಹೊರಟ.

ಕೇಂದ್ರದಲ್ಲಿ ಹೊತ್ತಿಗೆ ಸರಿಯಾಗಿ ಗುಂಡಿ ಒತ್ತಿದ. ಕೊಳಲು ಬಂತು, ಹೆಣ್ಣು ಧ್ವನಿ ಬಂತು, ಧಾರಾವಾಹಿ ಶುರುವಾಯಿತು. ಅಲ್ಲಿಗೆ ಅವನ ಕೆಲಸ ಮುಗಿಯಿತು. ಯಂತ್ರ ತನ್ನಷ್ಟಕ್ಕೆ ತಾನು ಕಂತಿನ ಮೇಲೆ ಕಂತು ಎತ್ತಿಕೊಳ್ಳುತ್ತ ಹೋಯಿತು. ಕಾವಲಿನವನು ಬಾಗಿಲಲ್ಲಿ ಇಣುಕಿ, “ಅದೇ ಓಡ್ತಾ ಇದೆಯಲ್ಲ ಸಾರ್, ಮನೆಗೆ ಹೋಗಿ ಅಕ್ಕಾವ್ರನ್ನ ನೋಡ್ಕೋಬಾರ್ದಾ?” ಎಂದ.

“ನಿಂತುಬಿಟ್ರೆ?”

“ನಿಂತ್ರೆ ನಿಲ್ತು. ನಿಮ್ಮ ತಾತನ ಗಂಟಾ?”

ಕಾವಲಿನವನು ನಕ್ಕು ಹೋದ. ಅಡಚಣೆ ಏಳಲಿಲ್ಲ. ಇನ್ನು ಕೆಲವೇ ದಿನ ಕೂರುವ ಕುರ್ಚಿ, ಕೂತಿರೋಣ ಅನ್ನಿಸಿತು. ಮತ್ತೆ ಕೊಳಲು ಬಂತು. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಕೂತು ಹಾಡಿನ ಜೊತೆ ತಾನೂ ಗುನುಗಿದ. ಕಂತು ಕಂತಿನ ನಡುವೆ ಒಂದು ಕೂದಲೆಳೆಯಷ್ಟೂ ಖಾಲಿ ಬೀಳಲಿಲ್ಲ. ಯಂತ್ರದ ಕೆಲಸ ಚೊಕ್ಕವಾಗಿತ್ತು, ಅದನ್ನು ಅವನೂ ಮನಸ್ಸಿನಲ್ಲೇ ಒಪ್ಪಿಕೊಂಡ.

ಸಂಜೆ ವಾರ್ತೆಯ ಹೊತ್ತಾಯಿತು. ವರ್ಷಗಳ ಅಭ್ಯಾಸದ ಕೈ ನಗಾರಿಯ ಗುಂಡಿಯ ಕಡೆ ತಾನಾಗಿ ಚಾಚಿತು. ಇವತ್ತು ನಗಾರಿಯಿಲ್ಲ ಎಂದು ನೆನಪಾಗಿ ಕೈ ಹಿಂದಕ್ಕೆ ಬಂತು. ಅಯ್ಯೋ, ಅಕ್ಕ ಮುಖ ತೊಳೆಯುವ ಹೊತ್ತು, ಅವಳಿಗೆ ಗೊತ್ತಾಗುವುದು ಹೇಗೆ ಎಂದುಕೊಂಡ. ಆಗ ಪರದೆಯ ಮೇಲೆ ಮತ್ತೆ ಕೊಳಲು ಶುರುವಾಯಿತು.

 ಕುರ್ಚಿಯನ್ನು ಹಿಂದಕ್ಕೆ ತಳ್ಳಿದ ರಭಸಕ್ಕೆ ಅದು ಗೋಡೆಗೆ ಬಡಿಯಿತು. ಮನೆಗೆ ಫೋನು ಮಾಡಿದ, ಗಂಟೆ ಹೊಡೆಯಿತು, ಯಾರೂ ಎತ್ತಲಿಲ್ಲ. ಪ್ರಸಾರ ನಡೆಯುತ್ತಿರುವಾಗ ಅವನು ಕುರ್ಚಿ ಬಿಟ್ಟು ಓಡಿದ್ದು ಅದೇ ಮೊದಲು. ಹಿಂದೆ ಬಿಟ್ಟುಬಂದ ಕೋಣೆಯಲ್ಲಿ ಯಾರೂ ಇಲ್ಲದೆಯೂ ಪರದೆಗಳು ಬೆಳಗುತ್ತಲೇ ಇದ್ದವು.

ಮನೆಯ ಮೆಟ್ಟಿಲು ಹತ್ತುವಾಗಲೇ ಕೊಳಲು ಕೇಳಿಸುತ್ತಿತ್ತು. ಅಕ್ಕ ಮಂಚದಿಂದ ಅರ್ಧ ಕೆಳಗೆ ಜಾರಿದ್ದಳು. ಮೈಯೆಲ್ಲ ತಣ್ಣಗೆ ಬೆವತು ಸೀರೆ ಅಂಟಿಕೊಂಡಿತ್ತು. ಡಬ್ಬಿಯ ಮುಚ್ಚಳ ನೆಲದಲ್ಲಿತ್ತು, ಡಬ್ಬಿ ತಳ ಕೆರೆದಂತೆ ಖಾಲಿ. ಸಕ್ಕರೆ ತಂದು ಬಾಯಿಗೆ ಹಾಕಲು ನೋಡಿದ, ಹಲ್ಲು ಕಚ್ಚಿಕೊಂಡಿದ್ದವು. “ಅಕ್ಕ, ಅಕ್ಕ, ನಾನು ಕಣೇ, ಬಂದೆ,” ಎಂದು ಕೂಗಿದ. ಅವಳ ಬಲಗೈ ಮಾತ್ರೆಯ ಹಾಳೆಯನ್ನು ಬಿಗಿಯಾಗಿ ಹಿಡಿದಿತ್ತು. ಆಂಬುಲೆನ್ಸಿನಲ್ಲಿ ಕೂತಾಗ ಆ ಹಾಳೆ ಅವನ ಕೈಗೆ ಬಂತು, ಒಡೆದ ಉಬ್ಬುಗಳನ್ನು ನೋಡಿದ. ಹಾಡು ಎಷ್ಟು ಸಲ ಎಚ್ಚರಿಸಿತ್ತೋ ಅಷ್ಟು ಸಲ ಅವಳು ತೆಗೆದುಕೊಂಡಿದ್ದಳು.

“ಒಂದೇ ದಿನ ಇಷ್ಟೊಂದು ಯಾಕೆ ತಗೊಂಡ್ರು?” ಎಂದು ಕೇಳಿದಳು ಆಸ್ಪತ್ರೆಯ ಡಾಕ್ಟರು.

“ಹಾಡು ಬಂತು ಡಾಕ್ಟ್ರೇ,” ಎಂದ ಅವನು.

ಡಾಕ್ಟರು ಅವನ ಮುಖವನ್ನು ಒಮ್ಮೆ ನೋಡಿ, ನರ್ಸಿಗೆ ಇವರಿಗೊಂದು ಲೋಟ ನೀರು ಕೊಡಿ ಎಂದಳು. ಆಮೇಲೆ ಬಿಡಿಸಿ ಹೇಳಿದಳು. ಆ ಮಾತ್ರೆ ರಕ್ತದ ಸಕ್ಕರೆಯನ್ನು ಇಳಿಸುತ್ತದೆ. ಹೊಟ್ಟೆಯಲ್ಲಿ ಊಟವಿಲ್ಲದೆ ಮೇಲಿಂದ ಮೇಲೆ ಬಿದ್ದರೆ ತಲೆ ಮಂಕಾಗುತ್ತದೆ, ಹಗಲು ರಾತ್ರಿ ತಿಳಿಯುವುದಿಲ್ಲ, ಕೊನೆಗೆ ಎಚ್ಚರ ತಪ್ಪುತ್ತದೆ. ಮೂತ್ರಪಿಂಡ ಗಟ್ಟಿ ಇದ್ದವರಲ್ಲಾದರೆ ಮಾತ್ರೆ ಹೊರಗೆ ಹೋಗುತ್ತಿತ್ತು, ಇವರ ಮೈಯಲ್ಲಿ ಅದು ಕೂತುಬಿಟ್ಟಿದೆ. “ನಾವು ಸಕ್ಕರೆ ಏರಿಸ್ತಾ ಇದೀವಿ, ಅದು ಮತ್ತೆ ಮತ್ತೆ ಇಳೀತಾ ಇದೆ. ಈಗಲೇ ಏನೂ ಹೇಳೋಕಾಗಲ್ಲ,” ಎಂದಳು.

ಮಾರನೆಯ ಬೆಳಿಗ್ಗೆ ಅವನು ವಾರ್ಡಿನ ಹೊರಗಿನ ಬೆಂಚಿನ ಮೇಲಿದ್ದಾಗ ಮೇಡಂ ಫೋನು ಮಾಡಿದಳು. ದನಿಯಲ್ಲಿ ಉತ್ಸಾಹ ಉಕ್ಕುತ್ತಿತ್ತು. “ಸರ್, ನಿನ್ನೆ ತುಂಬಾ ಚೆನ್ನಾಗಿ ಹೋಯ್ತು. ನೀವು ಸಂಜೆಗೇ ಎದ್ದು ಹೋದ್ರಂತೆ, ಆದ್ರೂ ರಾತ್ರಿವರೆಗೆ ಒಂದು ಸಲಾನೂ ನಿಲ್ಲಲಿಲ್ಲ. ಯಾರೂ ಇಲ್ದೆ ಓಡುತ್ತಾ ಅಂತಾನೇ ಮೇಲಿನವರಿಗೆ ನೋಡ್ಬೇಕಿತ್ತು. ತಿಂಗಳ ಕೊನೆವರೆಗೂ ಕಾಯೋದು ಬೇಡ ಅಂತಿದಾರೆ.” ಅವನು ಹೂಂ ಎಂದ. “ನೀವು ಯಾಕೆ ಹೋದ್ರಿ ಸರ್, ಮನೇಲಿ ಎಲ್ಲಾ ಸರಿ ತಾನೇ?” ಎಂದು ಅವಳು ಕೇಳಿದಳು. ಅದಕ್ಕೂ ಹೂಂ ಎಂದು ಫೋನು ಇಟ್ಟ. ಅವಳ ಮೇಲೆ ಕೂಗಾಡಬೇಕು ಅನ್ನಿಸಿತ್ತು. ಆದರೆ ಹಾಡು ಕತ್ತರಿಸಲೇ ಎಂದು ಕೇಳಿದವನು ತಾನು, ಬೇಡವೆಂದಾಗ ಸರಿ ಎಂದವನೂ ತಾನು. ಹೊರಡುವ ಮುನ್ನ ಬಾಯಿ ತೆರೆದು ‘ಏನಿಲ್ಲ’ ಎಂದವನಂತೂ ತಾನಲ್ಲದೆ ಇನ್ಯಾರು?

ಮಧ್ಯಾಹ್ನದ ಹೊತ್ತಿಗೆ ಅಕ್ಕನಿಗೆ ಎಚ್ಚರವಾಯಿತು. ಕೈಗೆ ಚುಚ್ಚಿದ ನಳಿಕೆಯನ್ನು ಇನ್ನೊಂದು ಕೈಯಲ್ಲಿ ತಡವಿದಳು, ಕಬ್ಬಿಣದ ಮಂಚದ ಅಂಚು ತಡವಿದಳು, ಎಲ್ಲಿದ್ದೇನೆ ಎಂದು ತಾನೇ ಅರ್ಥ ಮಾಡಿಕೊಂಡಳು. ಅವನು ಕೈ ಹಿಡಿದ. ಹಿಡಿತದಲ್ಲೇ ಅವಳಿಗೆ ಗುರುತು ಸಿಕ್ಕಿತು.

“ಬಂದ್ಯಾ ಮರಿ?”

“ಬಂದೆ ಅಕ್ಕ.”

“ಮೂರು ದಿನ ಬರ್ಲೇ ಇಲ್ವಲ್ಲೋ ನೀನು.”

ಅವನಿಗೆ ಥಟ್ಟನೆ ಅರ್ಥವಾಗಲಿಲ್ಲ. ಅಕ್ಕ ನಿಧಾನವಾಗಿ, ನಡುನಡುವೆ ಉಸಿರು ತೆಗೆದುಕೊಳ್ಳುತ್ತ ಹೇಳಿದಳು. ಮೊದಲನೆಯ ದಿನ ನೀನು ಹೋದ ಮೇಲೆ ಕಣ್ಣು ಹತ್ತಿತ್ತು, ಹಾಡು ಬಂತು, ಸಂಜೆ ಆಯ್ತು ಅಂತ ಮಾತ್ರೆ ತಗೊಂಡೆ, ಡಬ್ಬಿಯಲ್ಲಿದ್ದದ್ದು ಉಂಡೆ, ಮಲಗಿದೆ. ಹಾಡಿಗೆ ಎಚ್ಚರ ಆಯ್ತು. ಅಯ್ಯೋ, ಇಡೀ ರಾತ್ರಿ, ಇಡೀ ಹಗಲು ನಿದ್ದೆ ಮಾಡಿಬಿಟ್ನಲ್ಲ ಅಂದ್ಕೊಂಡೆ. ನೀನು ಬಂದು ಹೋಗಿರ್ತೀಯ, ಎಬ್ಬಿಸೋದು ಬೇಡ ಅಂತ ಬಿಟ್ಟಿರ್ತೀಯ ಅಂತ ಡಬ್ಬಿ ತೆಗೆದ್ರೆ ಖಾಲಿ. ತುಂಬಿಸೋದು ಮರೆತಿದಾನೆ, ಕೆಲಸದ ತಲೆಬಿಸಿ ಪಾಪ ಅಂತ ಹಾಗೇ ಮಲಗಿದೆ. ಮತ್ತೆ ಹಾಡು ಬಂತು. ಆವತ್ತೂ ಡಬ್ಬಿ ಖಾಲಿ. ಆವಾಗ ಗೊತ್ತಾಯ್ತು, ನೀನು ಬಂದೇ ಇಲ್ಲ ಅಂತ.

“ಫೋನ್ ಮಾಡ್ಬಾರ್ದಿತ್ತಾ ಅಕ್ಕ?”

“ನೀನು ಡ್ಯೂಟಿಲಿರೋವಾಗ ನಾನು ಯಾವತ್ತಾದ್ರೂ ಮಾಡಿದೀನಾ? ಪ್ರಯೋಗ ಅಂದಿದ್ದೆ. ಬಿಟ್ಟಿರಲ್ಲ ಅಂದ್ಕೊಂಡೆ.” ಅಕ್ಕ ಮುಖವನ್ನು ಅವನ ಕಡೆ ತಿರುಗಿಸಿದಳು. “ಇವತ್ತು ಯಾವ ವಾರ?”

“ಸೋಮವಾರ.”

ಅವಳ ಹುಬ್ಬು ಗಂಟಿಕ್ಕಿತು. ಜೀವಮಾನವಿಡೀ ಸಮಯ ಹೇಳಿದವಳು, ಆ ಮಂಕಿನಲ್ಲೂ ಲೆಕ್ಕ ಹಾಕುತ್ತಿದ್ದಳು. “ಸೋಮವಾರಾನಾ? ಹಾಗಾದ್ರೆ ಟಿವಿ ತಪ್ಪಿತಾ? ನಾನು ತಪ್ಪಿದ್ನಾ?”

ಅವನು ಅವಳ ಮುಖ ನೋಡಿದ. ಹೌದು ಎಂದರೆ ಎರಡರಲ್ಲಿ ಒಂದು. ಟಿವಿಯೊಳಗೆ ಯಾರೂ ಇರಲಿಲ್ಲ ಎನ್ನಬೇಕು, ಇಲ್ಲವೇ ನೀನೇ ಒಂದು ಮಧ್ಯಾಹ್ನವನ್ನು ಮೂರು ದಿನ ಎಂದುಕೊಂಡೆ, ನಿನ್ನ ಕೈಯಾರೆ ನುಂಗಿದೆ ಎನ್ನಬೇಕು.

“ಇಲ್ಲ ಅಕ್ಕ, ನಾನೇ ವಾರ ತಪ್ಪಿ ಹೇಳ್ದೆ,” ಎಂದ. “ಇವತ್ತು ಬುಧವಾರ. ನಂಗೆ ಬರೋಕಾಗಲಿಲ್ಲ. ಮೂರು ದಿನಾನೂ ಬರೋಕಾಗಲಿಲ್ಲ.”

ಅಕ್ಕನ ಹುಬ್ಬು ಸಡಿಲವಾಯಿತು. “ಅದೇ ಅಂದ್ಕೊಂಡೆ,” ಎಂದಳು. ಕೈಯನ್ನು ಅವನ ಕೈಯೊಳಗೆ ಇನ್ನಷ್ಟು ಸರಿಸಿದಳು. “ಹೋಗ್ಲಿ ಬಿಡು, ಮುಖ ಸಣ್ಣಗೆ ಮಾಡ್ಬೇಡ. ನೀನು ಬರದಿದ್ರೂ ನಾನು ಒಂದು ದಿನಾನೂ ಮಾತ್ರೆ ತಪ್ಪಿಸಲಿಲ್ಲ ಕಣೋ.”

“ಗೊತ್ತು ಅಕ್ಕ. ಒಳ್ಳೇದು ಮಾಡ್ದೆ.”

ಅವಳು ಮತ್ತೆ ನಿದ್ದೆಗೆ ಜಾರಿದಳು. ಸಂಜೆಯ ಹೊತ್ತಿಗೆ ಸಕ್ಕರೆ ಪುನಃ ಇಳಿಯಿತು, ನರ್ಸು ಎರಡು ಸಲ ಬಂದು ನಳಿಕೆಗೆ ಏನೋ ಚುಚ್ಚಿ ಹೋದಳು. ಡಾಕ್ಟರು ಬಂದು ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಅವನ ಹೆಗಲು ಮುಟ್ಟಿ ಹೋದಳು. ಪಕ್ಕದ ಹಾಸಿಗೆಯಲ್ಲಿ ಕಾಲು ಮುರಿದುಕೊಂಡ ಹೆಂಗಸೊಬ್ಬಳು ಬೇಜಾರು ಕಳೆಯಲು ಫೋನು ತೆಗೆದು ಅತ್ತೆ-ಸೊಸೆ ಧಾರಾವಾಹಿ ಹಾಕಿದಳು. ಹಾಡು ಬಿಟ್ಟು ಮುಂದಕ್ಕೆ ಹೋಗಲು ಅದರಲ್ಲಿ ಗುಂಡಿ ಇದ್ದೇ ಇತ್ತು, ಅವಳು ಒತ್ತಲಿಲ್ಲ. ಕೊಳಲು ಶುರುವಾಯಿತು.

ಅಕ್ಕ ಕಣ್ಣು ತೆರೆಯಲಿಲ್ಲ. ಆದರೆ ಅವನ ಕೈಯೊಳಗಿದ್ದ ಅವಳ ಕೈ ಅಲ್ಲಾಡಿತು. ಹೆಬ್ಬೆರಳು ಅವನ ಅಂಗೈಯ ಮೇಲೆ ಮೆಲ್ಲಗೆ ಹರಿದಾಡಿ, ಉಬ್ಬೊಂದನ್ನು ಹುಡುಕಿ, ಸಿಕ್ಕಿದ ಕಡೆ ಒತ್ತಿತು. ಮತ್ತೆ ಒತ್ತಿತು.

“ಆಯ್ತು ಅಕ್ಕ,” ಎಂದ ಅವನು, ಅವಳ ಕಿವಿಯ ಹತ್ತಿರ ಬಗ್ಗಿ. “ಇವತ್ತಿಂದು ತಗೊಂಡಾಯ್ತು.”

ಹೆಬ್ಬೆರಳು ಸುಮ್ಮನಾಯಿತು. ಹೆಣ್ಣು ಧ್ವನಿ ಹಾಡು ಮುಗಿಸುವವರೆಗೂ ಅವನು ಹಾಗೇ ಬಗ್ಗಿಕೊಂಡಿದ್ದ. ಅಕ್ಕನ ಉಸಿರು ನಿಂತದ್ದು ಆ ಕಂತಿನ ಮೊದಲ ಜಾಹೀರಾತಿಗೆ ಮುಂಚೆ. ಆಮೇಲೆ ತುಂಬ ಹೊತ್ತು ಅವನು ಒಂದು ಮಾತೂ ಆಡದೆ ಆ ಮಂಚದ ಪಕ್ಕದಲ್ಲಿ ಕೂತಿದ್ದ.